‘ಚಕ್ ಕೂಡ ಹಾಗೇ ಇದ್ದ ಅಲ್ವಾ ಅಕ್ಕ?’

ಪ್ರಶ್ನೆ: ನನಗೆ 24 ವರ್ಷ, ಬೆಂಗಳೂರಲ್ಲಿ ಕೆಲಸ. ತಂಗಿಗೆ 17, ಊರಲ್ಲಿ ಸೆಕೆಂಡ್ ಪಿಯುಸಿ. ಕಳೆದ ರಜೆಯಲ್ಲಿ ಅವಳಿಗೆ ಅಮೆರಿಕದ ‘ಗಾಸಿಪ್ ಗರ್ಲ್’ ಧಾರಾವಾಹಿ ತೋರಿಸಿದ್ದು ನಾನೇ. ಅದರಲ್ಲಿ ಬ್ಲೇರ್ ಅನ್ನುವ ಹುಡುಗಿಯ ಪ್ರೇಮಿಯಾಗುವ ಚಕ್ ಬಾಸ್ ಅಂದರೆ ಇಬ್ಬರಿಗೂ ಪ್ರಾಣ. ಈಗ ಟ್ಯೂಷನ್ನಿನ ಒಬ್ಬ ಹುಡುಗ ಅವಳ ಜೊತೆಗಿದ್ದಾನೆ. ಅವಳ ಫೋನ್ ಕಿತ್ತುಕೊಂಡು ಮೆಸೇಜ್ ಓದುತ್ತಾನೆ. ಬೇರೆ ಹುಡುಗರ ಹತ್ತಿರ ಮಾತಾಡಿದರೆ ಎರಡು ದಿನ ಮಾತು ಬಿಡುತ್ತಾನೆ, ಆಮೇಲೆ ಅಳುತ್ತಾ ಸಾರಿ ಕೇಳುತ್ತಾನೆ. ‘ಇದೇನೇ ಇದು?’ ಅಂದರೆ, ‘ಚಕ್ ಕೂಡ ಹಾಗೇ ಇದ್ದ ಅಲ್ವಾ ಅಕ್ಕ? ಬ್ಲೇರ್ ಸರಿ ಮಾಡಲಿಲ್ವಾ?’ ಅನ್ನುತ್ತಾಳೆ. ಅಮ್ಮನಿಗೆ ಹೇಳಿದರೆ ಫೋನೂ ಹೋಗುತ್ತೆ, ಟ್ಯೂಷನ್ನೂ ನಿಲ್ಲುತ್ತೆ. ಹೇಳದಿದ್ದರೆ ನನಗೆ ನಿದ್ದೆಯಿಲ್ಲ. ನಾಚಿಕೆಯ ವಿಷಯ ಅಂದರೆ ನನಗೆ ಈಗಲೂ ಚಕ್ ಇಷ್ಟ. ಯಾವ ಮುಖ ಇಟ್ಟುಕೊಂಡು ಅವಳಿಗೆ ಬುದ್ಧಿ ಹೇಳಲಿ?
– ಹೆಸರು ಬೇಡ, ಬೆಂಗಳೂರು

ಮೊದಲು ಆ ನಾಚಿಕೆ ಬಿಡಿ. ಮಗಳ ಪಕ್ಕ ಕೂತು, ‘ಏನಿದು ದುಡ್ಡಿರುವವರ ಮಕ್ಕಳ ಗೋಳು’ ಅಂತ ಗೊಣಗುತ್ತಲೇ ನಾನೂ ಅದರ ಆರು ಸೀಸನ್ ಮುಗಿಸಿದ್ದೇನೆ. 121 ಎಪಿಸೋಡ್. ಎರಡನೇ ಸೀಸನ್ನಿನ ಕೊನೆಗೆ ಚಕ್ ಬಾಯಿಬಿಟ್ಟು ‘ಐ ಲವ್ ಯೂ’ ಅಂದಾಗ ನನ್ನ ಕಣ್ಣಲ್ಲೂ ನೀರು ಬಂತು. ಮಗಳಿಗೆ ಮಾತ್ರ ತೋರಿಸಲಿಲ್ಲ.

ಯಾಕೆ ಬಂತು ಅಂತ ಆಮೇಲೆ ಯೋಚಿಸಿದೆ. ಚಕ್ ಒಬ್ಬನೇ ಇರುವಾಗಲೂ ನಾವು ಅವನ ಜೊತೆ ಇರುತ್ತೇವೆ. ಅಪ್ಪ ಬಾರ್ಟ್ ಮಗನನ್ನು ತಿರಸ್ಕಾರದಿಂದ ನೋಡುವಾಗ ಅಲ್ಲಿರುತ್ತೇವೆ. ತಾನು ಹುಟ್ಟುವಾಗ ಅಮ್ಮ ಸತ್ತಳು, ಅದಕ್ಕೇ ಅಪ್ಪನಿಗೆ ತನ್ನ ಮೇಲೆ ಸಿಟ್ಟು ಅಂತ ಅವನು ನಂಬಿಕೊಂಡಿರುವುದು ನಮಗೆ ಗೊತ್ತು. ಬ್ಲೇರ್‌ಗೆ ಕಾಣದ ಎಷ್ಟೋ ಕಣ್ಣೀರು ನಮಗೆ ಕಾಣುತ್ತದೆ. ಹಾಗಾಗಿ ಅವಳ ಪರವಾಗಿ ಸಾರಿಯನ್ನು ನಾವೇ ಒಪ್ಪಿಕೊಂಡುಬಿಡುತ್ತೇವೆ.

ಈಗ ಆ ಟ್ಯೂಷನ್ ಹುಡುಗನನ್ನು ನೋಡಿ. ಅವನ ಮನೆಯೊಳಗೆ ಯಾವ ಕ್ಯಾಮೆರಾ ಹೋಗಿದೆ? ಅವನೊಳಗೆ ಏನಿದೆ ಅಂತ ನಿಮ್ಮ ತಂಗಿಗೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗಕ್ಕೆ ಚಕ್‌ನ ದುಃಖವನ್ನು ತಂದು ತುಂಬುತ್ತಿದ್ದಾಳೆ. ಅವನು ಕೊಟ್ಟಿರುವುದು ಫೋನ್ ಕಿತ್ತುಕೊಂಡ ಕೈ, ಎರಡು ದಿನದ ಮೌನ, ಒಂದು ಅಳು. ಮಿಕ್ಕ ಕಥೆಯೆಲ್ಲ ಇವಳದೇ.

ಧಾರಾವಾಹಿಯ ಲೆಕ್ಕವೇ ಬೇರೆ ಅನ್ನುವುದನ್ನೂ ಅವಳಿಗೆ ಹೇಳಬೇಕು. 2007ರ ಮೊದಲ ಎಪಿಸೋಡಿನಲ್ಲಿ ಚಕ್ ಶುದ್ಧ ಖಳ. ಬ್ಲೇರ್‌ನ ಗೆಳತಿ ಸೆರೀನಾಳನ್ನು ಬಲವಂತ ಮಾಡಲು ನೋಡುತ್ತಾನೆ. ಅದೇ ಎಪಿಸೋಡಿನ ಪಾರ್ಟಿಯಲ್ಲಿ 14 ವರ್ಷದ ಜೆನಿಯನ್ನು ಮಹಡಿಯ ಮೇಲೆ ಕರೆದುಕೊಂಡು ಹೋಗುತ್ತಾನೆ. ಹುಡುಗಿ ಹೆದರಿ ಅಣ್ಣ ಡ್ಯಾನ್‌ಗೆ ಮೆಸೇಜ್ ಹಾಕಿ ಬಚಾವಾಗುತ್ತಾಳೆ. ಏಳನೇ ಎಪಿಸೋಡಿಗೆ ಇದೇ ಚಕ್ ಬ್ಲೇರ್‌ನ ಪ್ರೇಮಿ! ಜನ ಆ ಜೋಡಿಯನ್ನು ಮೆಚ್ಚಿಕೊಂಡರು. ವರ್ಷಗಟ್ಟಲೆ ಓಡಬೇಕಾದ ಕಥೆಯಲ್ಲಿ ಅಂಥವನನ್ನು ಹೊರಗೆ ಹಾಕುವುದುಂಟೇ? ಅವನಿಗೊಂದು ದುಃಖ ಕೊಟ್ಟು ಉಳಿಸಿಕೊಂಡರು. ಬದಲಾಗಿದ್ದು ಅವನನ್ನು ಬರೆಯುವವರ ಕೈ. ಆ ಕೈ ಬ್ಲೇರ್‌ನದಲ್ಲ, ನಿಮ್ಮ ತಂಗಿಗಂತೂ ಅದು ಇಲ್ಲವೇ ಇಲ್ಲ.

ಅಷ್ಟಕ್ಕೂ ಬ್ಲೇರ್ ಅವನನ್ನು ಸರಿ ಮಾಡಿದಳಾ? ಮೂರನೇ ಸೀಸನ್ನಿನಲ್ಲಿ, ಇಬ್ಬರೂ ಜೋಡಿಯಾಗಿ ಚೆನ್ನಾಗಿರುವಾಗಲೇ, ಒಂದು ಹೋಟೆಲ್ ವಾಪಸ್ ಸಿಗಲಿ ಅಂತ ಅವಳನ್ನು ತನ್ನ ಚಿಕ್ಕಪ್ಪನಿಗೆ ಒಪ್ಪಿಸಲು ಹೊರಟವನು ಇವನು. 2011ರಲ್ಲಿ ಬಂದ ಎಪಿಸೋಡಿನಲ್ಲಿ, ಅವಳ ಮದುವೆ ಬೇರೆಯವನ ಜೊತೆ ಗೊತ್ತಾಗಿದೆ ಅಂತ ತಿಳಿದಾಗ, ಕುಡಿದ ಮತ್ತಿನಲ್ಲಿ ಅವಳ ಹಿಂದಿನ ಕಿಟಕಿಗೆ ಗುದ್ದುತ್ತಾನೆ. ಗಾಜಿನ ಚೂರು ಅವಳ ಕೆನ್ನೆ ಕುಯ್ಯುತ್ತದೆ. ಆಗ ಗಲಾಟೆಯಾಯಿತು. ಧಾರಾವಾಹಿಯ ಕಡೆಯವರೇ ಒಬ್ಬರು, ಆ ಇಬ್ಬರ ನಡುವಿನದನ್ನು ತಾವು ಹಿಂಸೆ ಅಂತ ನೋಡುವುದಿಲ್ಲ ಅಂದರು. ನನಗೆ ಇವತ್ತಿಗೂ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಕೊನೆಗೆ ಮದುವೆ ಆದದ್ದಾದರೂ ಹೇಗೆ? ಚಕ್‌ನ ಅಪ್ಪ ಕಟ್ಟಡದ ಮೇಲಿಂದ ಬಿದ್ದು ಸಾಯುತ್ತಾನೆ. ಹೆಂಡತಿಯಾದರೆ ಗಂಡನ ವಿರುದ್ಧ ಸಾಕ್ಷಿ ಹೇಳಬೇಕಾಗುವುದಿಲ್ಲ ಅಂತ ಅವಸರದಲ್ಲಿ ಮದುವೆ ಮುಗಿಸುತ್ತಾರೆ. ನಿಮ್ಮ ತಂಗಿಗೆ ಬ್ಲೇರ್‌ನ ಆ ಚೆಂದದ ಗೌನ್ ನೆನಪಿರುತ್ತದೆ, ಪೊಲೀಸರು ಮರೆತುಹೋಗಿರುತ್ತಾರೆ.

ಮರೆವು ಅಂದಾಗ ಮತ್ತೆ ಜೆನಿಯ ಹತ್ತಿರ ಬರಬೇಕು. ಅವಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮೂರನೇ ಸೀಸನ್ನಿನ ಕೊನೆಗೆ ಬ್ಲೇರ್ ಬರಲಿಲ್ಲ ಅಂತ ಚಕ್ ನೊಂದು ಕೂತಿರುತ್ತಾನೆ. ಅಷ್ಟೇ ಒಂಟಿಯಾಗಿದ್ದ ಜೆನಿ ಅಲ್ಲಿಗೆ ಬರುತ್ತಾಳೆ. ಅವಳ ಮೊದಲ ಸಲ ಅವನ ಜೊತೆಯೇ ಆಗುತ್ತದೆ. ವಿಷಯ ತಿಳಿದ ಬ್ಲೇರ್ ಊರು ಬಿಡು ಅನ್ನುತ್ತಾಳೆ, ಹುಡುಗಿ ಅಮ್ಮನ ಊರಿಗೆ ಹೊರಡುತ್ತಾಳೆ. ಚಕ್ ಉಳಿಯುತ್ತಾನೆ. ಅವನ ದುಃಖಕ್ಕೆ ಇನ್ನೂ ಮೂರು ಸೀಸನ್ ಸಿಗುತ್ತದೆ. ಅವಳ ದುಃಖಕ್ಕೆ ಸಿಕ್ಕಿದ್ದು ಕೆಲವೇ ಎಪಿಸೋಡ್.

ನಮ್ಮ ರನ್ನ ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗಾಗಿ ನಮ್ಮನ್ನು ಅಳಿಸಿದ. ರಣರಂಗದ ಹೆಣಗಳ ನಡುವೆ ಕರ್ಣನಿಗಾಗಿ, ತಮ್ಮನಿಗಾಗಿ, ಮಗನಿಗಾಗಿ ಗೋಳಾಡುವ, ಶತ್ರುವಿನ ಮಗ ಅಭಿಮನ್ಯುವನ್ನೂ ಹೊಗಳುವ ದುರ್ಯೋಧನ ಅವನು. ನಿಮ್ಮ ತಂಗಿ ಕನ್ನಡ ಕ್ಲಾಸಲ್ಲಿ ಒಂದಿಷ್ಟಾದರೂ ಕೇಳಿರಬೇಕು. ತಪ್ಪು ಮಾಡಿದವನ ಮೇಲೆ ಮನಸ್ಸು ಹೋಗುವುದು ಅಮೆರಿಕದಿಂದ ಬಂದ ರೋಗವೇನೂ ಅಲ್ಲ. ಆದರೆ ರನ್ನ ದ್ರೌಪದಿಯನ್ನು ಅಮ್ಮನ ಮನೆಗೆ ಕಳಿಸಲಿಲ್ಲ. ಅವಳ ಬಿಚ್ಚಿದ ಮುಡಿ ಆ ಕಾವ್ಯದಲ್ಲಿ ಕಣ್ಣೆದುರೇ ಇದೆ. ದುರ್ಯೋಧನನಿಗೆ ಅತ್ತವರೂ ಆ ಮುಡಿಯನ್ನು ನೋಡಿಯೇ ಅಳಬೇಕು. ಚಕ್ ನಿಮಗೆ ಇಷ್ಟವಿರಲಿ, ಪರವಾಗಿಲ್ಲ. ಜೆನಿಯನ್ನು ಮಾತ್ರ ಜೊತೆಗೆ ಇಟ್ಟುಕೊಳ್ಳಿ.

(ಸುಮ್ನೆ ಒಂದು ವಿಷಯ. ಜೆನಿಯ ಅಣ್ಣ ಡ್ಯಾನ್ ಆಗಿದ್ದ ಪೆನ್ ಬ್ಯಾಡ್ಜ್‌ಲಿ ಆಮೇಲೆ ‘ಯೂ’ ಧಾರಾವಾಹಿಯಲ್ಲಿ ಹುಡುಗಿಯರ ಬೆನ್ನು ಬೀಳುವ ಕೊಲೆಗಾರನಾದರು. ಆ ಕೊಲೆಗಾರನಿಗೂ ಅಭಿಮಾನಿಗಳು! ‘ನನ್ನನ್ನು ಎತ್ತಿಕೊಂಡು ಹೋಗು’ ಅಂತ ಟ್ವಿಟರ್‌ನಲ್ಲಿ ಬರೆದವಳಿಗೆ 2019ರಲ್ಲಿ ಅವರೇ ‘ಬೇಡ, ಥ್ಯಾಂಕ್ಸ್’ ಅಂದರು. ಇದನ್ನು ತಂಗಿಗೆ ಹೇಳಿ, ನಗುತ್ತಾಳೆ. ನಕ್ಕ ಮೇಲೆ ಮಾತು ಸಲೀಸು.)

ಇನ್ನು ಅಮ್ಮನ ವಿಷಯ. ಇವತ್ತೇ ಹೇಳಬೇಡಿ. ಫೋನ್ ಹೋಯಿತು ಅಂದರೆ ಅವಳು ನಿಮ್ಮ ಹತ್ತಿರವೂ ಬಾಯಿ ಬಿಡುವುದಿಲ್ಲ. ಆಗ ಅವಳ ಕಥೆ ಕೇಳಲು ಉಳಿಯುವುದು ಆ ಹುಡುಗ ಒಬ್ಬನೇ. ಆದರೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಅವನು ಕೈ ಎತ್ತಿದರೆ, ಫೋಟೋ ಕೇಳಿದರೆ, ಇರುವ ಫೋಟೋ ತೋರಿಸಿ ಹೆದರಿಸಿದರೆ, ‘ಬಿಟ್ಟುಹೋದರೆ ಸಾಯ್ತೀನಿ’ ಅಂದರೆ ಅವತ್ತೇ ಅಮ್ಮನಿಗೆ ಹೇಳುತ್ತೇನೆ ಅಂತ ಮೊದಲೇ ತಿಳಿಸಿ. ಆ ದಿನ ಬಂದರೆ ನೀವೇ ಪಕ್ಕದಲ್ಲಿ ನಿಂತು ಹೇಳಿ. ಅವಳಿಗೆ ಇನ್ನೂ 18 ಆಗಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆ ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಡಿ. ಪಾಸ್‌ವರ್ಡ್ ಬದಲಿಸಿ ಅನ್ನಿ. ಅದಕ್ಕೆ ಅವನು ಸಿಟ್ಟಾದರೆ, ಆ ಸಿಟ್ಟು ಎಷ್ಟು ದಿನ ಇತ್ತು ಅಂತ ಅವಳೇ ಎಣಿಸಲಿ.

‘ಅವನು ಕೆಟ್ಟವನು’ ಅಂತ ಶುರು ಮಾಡಬೇಡಿ, ವಕೀಲಿ ಮಾಡಲು ಅವಳು ಆಗಲೇ ತಯಾರಾಗಿದ್ದಾಳೆ. ಈ ಶನಿವಾರ ಬಸ್ಸು ಹತ್ತಿ ಊರಿಗೆ ಹೋಗಿ. ರಾತ್ರಿ ಊಟ ಆದಮೇಲೆ ಇಬ್ಬರೇ ಕೂತು ಮತ್ತೆ ಮೊದಲ ಎಪಿಸೋಡ್ ಹಾಕಿ. ಜೆನಿ ಮಹಡಿ ಹತ್ತುವಾಗ ನೀವು ಏನೂ ಅನ್ನಬೇಡಿ. ತಂಗಿ ಏನಂದಳು ಅಂತ ನನಗೆ ಬರೆಯಿರಿ.