ಸಮುದಾಯ ಬಾನುಲಿಯಲ್ಲಿ ಕಾರ್ಯಕ್ರಮ ನಡೆಸುವವರ ಬದುಕು ಹೇಗಿರುತ್ತದೆ? ಯಾರಿಗೂ ಕಾಣದ ಕೆಲಸದಲ್ಲಿ ಸ್ವಂತ ಶೈಲಿ ಎಂದರೆ ಏನು?

ಮೊದಲು ಬಳೆಯ ವಿಷಯ ಹೇಳಿಬಿಡುತ್ತೇನೆ. ‘ರೇಡಿಯೋದಲ್ಲಿ ಯಾರೂ ಕಾಣುವುದಿಲ್ಲವಲ್ಲ, ಅಲ್ಲಿ ಉಡುಗೆತೊಡುಗೆಗೆ ಏನು ಬೆಲೆ’ ಎಂದು ನೀವು ಕೇಳಿದ್ದೀರಿ. ಬೆಲೆ ಇದೆ, ಅದೂ ಕಿವಿಗೆ ಕೇಳುವಷ್ಟು.

ಹಳೆ ಮೈಸೂರು ಸೀಮೆಯ, ರೇಷ್ಮೆ ಬೆಳೆಯುವ ಒಂದು ತಾಲೂಕಿನ ಸಮುದಾಯ ಬಾನುಲಿಯಲ್ಲಿ ನಾನು ಹನ್ನೊಂದು ವರ್ಷದಿಂದ ಕಾರ್ಯಕ್ರಮ ನಡೆಸುತ್ತಿದ್ದೇನೆ. ಕೇಂದ್ರದ ಹೆಸರು ಬೇಡ. ನಮ್ಮ ಕಡೆಯವರಿಗೆ ನನ್ನ ಮಾತಿನಲ್ಲೇ ಗೊತ್ತಾಗಿಬಿಡುತ್ತದೆ. ಮೊದಲ ವಾರದ ನನ್ನ ಧ್ವನಿಮುದ್ರಣ ಕೇಳಿದಾಗ ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದಾರೆ ಅನ್ನಿಸಿತು. ಅದು ನನ್ನ ಕೈಯಲ್ಲಿದ್ದ ಎರಡು ಡಜನ್ ಗಾಜಿನ ಬಳೆಗಳ ಸದ್ದು. ನನಗೆ ಕೈ ಆಡಿಸದೆ ಮಾತನಾಡಲು ಬರುವುದಿಲ್ಲ. ಬಳೆ ತೆಗೆದಿಡೋಣ ಎಂದರೆ ಅತ್ತೆ ಒಪ್ಪಲಿಲ್ಲ, ‘ಮುತ್ತೈದೆ ಬರಿಗೈಯಲ್ಲಿ ಕೂತು ಊರಿಗೆಲ್ಲ ಮಾತು ಹೇಳುತ್ತಾಳೆಯೇ’ ಎಂದರು. ಕೊನೆಗೆ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಮೇಲೆ ಕರವಸ್ತ್ರ ಬಿಗಿದು ಕಟ್ಟಿಕೊಂಡೆ. ಇವತ್ತಿಗೂ ಕೆಂಪು ದೀಪ ಹತ್ತುವ ಮುಂಚೆ ನಾನು ಮಾಡುವ ಕೊನೆಯ ಕೆಲಸ ಅದೇ. ಗಂಜಿ ಹಾಕಿದ ಸೀರೆಯೂ ಮೈಕ್‌ಗೆ ಆಗಿಬರುವುದಿಲ್ಲ, ಕೂತಲ್ಲಿ ಅಲುಗಿದರೆ ಒಣಗಿದ ಬಾಳೆಲೆ ಸರಿದಂತೆ ಕೇಳುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ವಾಯಿಲ್ ಸೀರೆಯೇ ಸರಿ. ಹಾಗಾಗಿ ನನ್ನ ಹೊಸ ಸೀರೆಗಳೆಲ್ಲ ಮದುವೆಮನೆಗೆ, ಹಳೆಯವು ಸ್ಟುಡಿಯೋಗೆ.

ಹಳ್ಳಿಗೆ ಧ್ವನಿಮುದ್ರಣಕ್ಕೆ ಹೋಗುವಾಗಿನ ವೇಷ ಬೇರೆ. ಶುರುವಿನಲ್ಲಿ ಕೇಂದ್ರದ ಗುರುತಿನ ಚೀಟಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಹೆಗಲಿಗೆ ಕಪ್ಪು ಬ್ಯಾಗು ಹಾಕಿಕೊಂಡು ಹೋಗುತ್ತಿದ್ದೆ. ಬೀದಿಯ ಹೆಂಗಸರು ನನ್ನನ್ನು ಕಂಡೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂರನೇ ಹಳ್ಳಿಯಲ್ಲಿ ಒಬ್ಬ ಹುಡುಗ ಗುಟ್ಟು ಹೇಳಿದ: ‘ಅಕ್ಕ, ಸಾಲದ ಕಂತು ವಸೂಲಿಗೆ ಬರುವವರೂ ಹೀಗೇ ಬರುತ್ತಾರೆ.’ ಚೀಟಿ ಅಂದೇ ಪರ್ಸಿನೊಳಗೆ ಹೋಯಿತು. ಈಗ ರೆಕಾರ್ಡರ್ ಇರುವುದು ತರಕಾರಿ ಚೀಲದಲ್ಲಿ, ಒಂದು ಟವಲ್ಲಿನಲ್ಲಿ ಸುತ್ತಿ.

ಇನ್ನು ದನಿಯ ಮಾತು. ಮೊದಲ ತಿಂಗಳು ನಾನು ಬೆಂಗಳೂರಿನ ಖಾಸಗಿ ಎಫ್‌ಎಂ ಹುಡುಗಿಯರನ್ನು ಅನುಕರಿಸಿದೆ. ಉಸಿರಿಗೆ ಜಾಗವಿಲ್ಲ, ಪ್ರತಿ ವಾಕ್ಯದ ಕೊನೆಗೂ ಒಂದು ನಗು. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯವರು ನಾನೇ ಎಂದು ಗೊತ್ತಿಲ್ಲದೆ ನನ್ನೆದುರೇ ಹೇಳಿದರು: ‘ಇದ್ಯಾರಮ್ಮ, ಕೊನೆ ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಮಾತಾಡುತ್ತಾಳೆ.’ ನಾಚಿಕೆಯಾಗಿ ಇನ್ನೊಂದು ತುದಿಗೆ ಹೋದೆ. ‘ಮಾನ್ಯ ಶ್ರೋತೃಗಳೇ’, ‘ಪ್ರಸ್ತುತಪಡಿಸುತ್ತಿದ್ದೇವೆ’ ಎಂದೆಲ್ಲ ಗಂಭೀರವಾಗಿ, ಅಳೆದು ತೂಗಿ. ಅದಕ್ಕೆ ನನ್ನ ಗಂಡನ ತೀರ್ಪು ಬಂತು: ತಿಥಿ ಕಾರ್ಡು ಓದಿದ ಹಾಗಿದೆ.

ಆಮೇಲೆ ಬುದ್ಧಿ ಕಲಿಸಿದ್ದು ಹುಳುಮನೆಗಳು. ನಮ್ಮ ಕೇಳುಗರಲ್ಲಿ ಅರ್ಧಕ್ಕರ್ಧ ಜನ ರೇಡಿಯೋ ಕೇಳುವುದು ರೇಷ್ಮೆ ಹುಳುವಿಗೆ ಸೊಪ್ಪು ಕೊಡುವಾಗ. ನಾಲ್ಕನೇ ಜ್ವರ ಬಿಟ್ಟೆದ್ದ ಹುಳು ಹೇಗೆ ತಿನ್ನುತ್ತದೆ ಎಂದು ನೋಡದವರಿಗೆ ಹೇಳಬೇಕು (ಹುಳು ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ). ಸೊಪ್ಪು ಹರಡಿ ಎರಡು ನಿಮಿಷ ಸುಮ್ಮನೆ ನಿಂತರೆ ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಸದ್ದು ಏಳುತ್ತದೆ. ಅಂಥ ಒಂದು ಹುಳುಮನೆಯಲ್ಲಿ ನನ್ನದೇ ಕಾರ್ಯಕ್ರಮವನ್ನು ಬೇರೆಯವರ ಜೊತೆ ಕೂತು ಕೇಳಿದೆ. ಗೂಟಕ್ಕೆ ನೇತುಹಾಕಿದ ರೇಡಿಯೋ, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು. ನಾನು ಮಾತು ನಿಲ್ಲಿಸಿದಾಗಷ್ಟೇ ಅವರು ರೇಡಿಯೋ ಕಡೆ ತಿರುಗುತ್ತಿದ್ದರು. ಮಾತು ಹರಿಯುತ್ತಲೇ ಇದ್ದರೆ ಅದೂ ಹುಳುವಿನ ಸದ್ದಿನಂತೆ ಹಿನ್ನೆಲೆಗೆ ಸೇರಿಬಿಡುತ್ತದೆ. ಮುಖ್ಯವಾದದ್ದನ್ನು ಹೇಳುವ ಮುಂಚೆ ಒಂದು ಉಸಿರು ಸುಮ್ಮನಿರಬೇಕು ಎಂದು ಅಲ್ಲಿ ತಿಳಿಯಿತು. ನನಗೆ ಶೈಲಿ ಎಂಬುದು ಇದ್ದರೆ ಅದು ಇಷ್ಟೇ. ಬಳೆ ಸರಿಸಿದೆ, ನಗು ಬಿಟ್ಟೆ, ‘ಮಾನ್ಯ ಶ್ರೋತೃಗಳೇ’ ಬಿಟ್ಟೆ, ಉಳಿದದ್ದನ್ನು ಜನ ನನ್ನ ದನಿ ಎನ್ನುತ್ತಾರೆ.

ಪದಗಳ ಆಯ್ಕೆಯ ಬಗ್ಗೆ ಒಂದು ನಿದರ್ಶನ. ಒಮ್ಮೆ ಒಬ್ಬ ತಜ್ಞರನ್ನು ಕರೆಸಿದ್ದೆವು. ಚಳಿಗಾಲದ ರೋಗದ ಬಗ್ಗೆ ಅರ್ಧ ಗಂಟೆ ಮಾತನಾಡಿದರು, ‘ಮಸ್ಕಾರ್ಡೈನ್’ ಎನ್ನುವುದನ್ನು ಹತ್ತಾರು ಸಲ ಹೇಳಿದರು. ಒಂದೇ ಒಂದು ಕರೆ ಬರಲಿಲ್ಲ. ಮರುದಿನ ನಾನು ಅದೇ ಮಾಹಿತಿಯನ್ನು ‘ಸುಣ್ಣಕಟ್ಟು’ ಎಂದು ಹೇಳಿ ಐದು ನಿಮಿಷ ಓದಿದೆ. ಸತ್ತ ಹುಳು ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾಗುವ ರೋಗ ಅದು, ಹೆಸರಿನಲ್ಲೇ ಲಕ್ಷಣವಿದೆ. ಫೋನ್ ಕೆಳಗಿಡಲು ಬಿಡಲಿಲ್ಲ. ಹುಳುವನ್ನು ಕಾಡುವ ಹಾಲುತೊಂಡೆ, ಸಪ್ಪೆರೋಗ, ಊಜಿ ನೊಣ, ಈ ಹೆಸರುಗಳೆಲ್ಲವೂ ಹಾಗೆಯೇ. ರೈತರ ಬಳಿ ಮೊದಲೇ ಇರುವ ಪದವನ್ನು ಬಿಟ್ಟು ಇಂಗ್ಲಿಷಿನಿಂದ ಹೊಸದೊಂದನ್ನು ಹೊತ್ತು ತರುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

‘ಎಫ್‌ಎಂ ಆರ್‌ಜೆ ಕೆಲಸದಂತೆಯೇ ಅಲ್ಲವೇ’ ಎಂದೂ ಕೇಳಿದ್ದೀರಿ. ಅಲ್ಲ. ನಮ್ಮದು 50 ವ್ಯಾಟ್‌ನ ಪ್ರಸಾರಕ. ಮನೆಯ ಫ್ಯಾನ್ ಅದಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಗೋಪುರ 30 ಮೀಟರ್ ಮೀರುವಂತಿಲ್ಲ. ಬಯಲಾದರೆ ಹತ್ತು–ಹನ್ನೆರಡು ಕಿಲೋಮೀಟರ್ ಕೇಳುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮವನ್ನು ಇಲ್ಲಿಯೇ ತಯಾರಿಸಬೇಕು ಎಂಬುದು ನಿಯಮ. ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ಫಲಿತಾಂಶ, ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು ಹೇಳಬಹುದು. ನಿಜ ಹೇಳಬೇಕೆಂದರೆ ನಮ್ಮ ಊರಿನಲ್ಲಿ ಸುದ್ದಿ ಎಂದರೆ ನೀರು ಬಿಡುವ ಹೊತ್ತೇ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಪಿಟ್ಟುಕೊಂಡಿರಬೇಕು. ಆದ್ದರಿಂದ ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುವ ಸೌಲಭ್ಯ ನಮಗಿಲ್ಲ.

ಇಷ್ಟಕ್ಕೇ ಎಷ್ಟು ವರ್ಷ ಹಿಡಿಯಿತು ನೋಡಿ. ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶ ಸಿಕ್ಕಿತು, ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಆದರೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ಕಾಯಲಿಲ್ಲ. ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ಟಿವಿಯ ತಂತಿಯಲ್ಲೇ ತಮ್ಮ ‘ನಮ್ಮ ಧ್ವನಿ’ಯನ್ನು ಮನೆಮನೆಗೆ ಹರಿಸಿದರು. ಗಾಳಿಯಲ್ಲಿ ಬಿಟ್ಟರೆ ತಾನೇ ಕಾನೂನು? ತೆಲಂಗಾಣದ ಮಾಚನೂರಿನಲ್ಲಿ 2008ರಲ್ಲಿ ಶುರುವಾದ ಸಂಘಂ ರೇಡಿಯೋವನ್ನು ದಲಿತ ಹೆಣ್ಣುಮಕ್ಕಳೇ ನಡೆಸುತ್ತಾರೆ. ತರಬೇತಿಯಲ್ಲಿ ಅವರ ಒಂದು ಧ್ವನಿಮುದ್ರಣ ಕೇಳಿಸಿದರು. ಭಾಷೆ ತಿಳಿಯದಿದ್ದರೂ ಅಲ್ಲಿ ಯಾರೂ ಅವಸರದಲ್ಲಿಲ್ಲ ಎಂಬುದು ತಿಳಿಯಿತು. ಇನ್ನೂ ಹಿಂದೆ ಹೋದರೆ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಇದ್ದಾರೆ. 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ 30 ವ್ಯಾಟ್‌ನ ಪ್ರಸಾರಕ ಇಟ್ಟುಕೊಂಡು ಬಾನುಲಿ ನಡೆಸಿದವರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದೇ ಆ ಕೇಂದ್ರದಿಂದ. ನಮ್ಮ ಗೋಪುರದ ಕೆಳಗೆ ನಿಂತು ‘ಇಷ್ಟೇ ಇಷ್ಟು ಶಕ್ತಿಯೇ’ ಎಂದು ಮೂಗು ಮುರಿಯುವವರಿಗೆ ನಾನು ಈ ಕಥೆ ಹೇಳುತ್ತೇನೆ, ಅವರಿಗಿಂತ ನಮಗೆ 20 ವ್ಯಾಟ್ ಜಾಸ್ತಿಯೇ ಇದೆ ಎಂದು.

ದಿನಚರಿ ಎಂದರೆ ಹೀಗೆ. ಬೆಳಗ್ಗೆ ಐದೂವರೆಗೆ ಎದ್ದು ಬಿಸಿನೀರು ಕುಡಿದು ಹೊರಟರೆ ಆರೂವರೆಗೆ ಮೊದಲ ಪ್ರಸಾರ. ಎಂಟಕ್ಕೆ ಮನೆ, ಮಗಳ ಜಡೆ, ಬುತ್ತಿ. ಹನ್ನೊಂದಕ್ಕೆ ಹಳ್ಳಿಗೆ, ಇಲ್ಲವೇ ಕಂಪ್ಯೂಟರ್ ಮುಂದೆ ಕೂತು ಧ್ವನಿ ಕತ್ತರಿಸುವುದು. ಒಂದು ಗಂಟೆಯ ಮಾತನ್ನು ಹದಿನೈದು ನಿಮಿಷಕ್ಕೆ ಇಳಿಸುವ ಹೊತ್ತಿಗೆ ಸಂಜೆಯ ಪ್ರಸಾರ ಬಂದಿರುತ್ತದೆ. ಧ್ವನಿಮುದ್ರಣದ ಹೊತ್ತಿಗೆ ಫ್ಯಾನ್ ಆರಿಸಬೇಕು. ಏಪ್ರಿಲ್ ತಿಂಗಳಲ್ಲಿ ಆ ಕೋಣೆಯಲ್ಲಿ ಅರ್ಧ ಗಂಟೆ ಕೂತವರಿಗೆ ಈ ಕೆಲಸದ ಮೋಹ ಎಷ್ಟಿದೆ ಎಂದು ತಾನೇ ತಿಳಿಯುತ್ತದೆ. ಗುಡುಗು ಶುರುವಾದರೆ ಪ್ರಸಾರ ನಿಲ್ಲಿಸಿ ಪ್ಲಗ್ ಕೀಳುತ್ತೇವೆ. ಒಮ್ಮೆ ಕೀಳಲಿಲ್ಲ, ಸಿಡಿಲು ಬಡಿದು ಹತ್ತೊಂಬತ್ತು ದಿನ ಊರಿಗೆ ರೇಡಿಯೋ ಇರಲಿಲ್ಲ.

ಸಂಬಳದ ಬಗ್ಗೆ ಯಾರೂ ನೇರವಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ: ನನಗೆ ಸಿಗುವುದು ತಿಂಗಳಿಗೆ ಹತ್ತು ಸಾವಿರದೊಳಗಿನ ಗೌರವಧನ. 2024ರಲ್ಲಿ ಜಾಹೀರಾತಿನ ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದರು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ ಆಯಿತು. ಆದರೆ 12 ನಿಮಿಷ ತುಂಬುವಷ್ಟು ಅಂಗಡಿಗಳು ನಮ್ಮ ಹೋಬಳಿಯಲ್ಲಿ ಬೇಕಲ್ಲ. ನಮಗೆ ಸಿಗುವುದು ಒಂದು ಗೊಬ್ಬರದ ಅಂಗಡಿ, ಒಂದು ಕನ್ನಡಕದ ಅಂಗಡಿ, ಹಬ್ಬದ ಹೊತ್ತಿಗೆ ಒಂದು ಜವಳಿ ಅಂಗಡಿ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ, ಗಂಡನದು ಗೂಡ್ಸ್ ಆಟೋ ಇದೆ. ಸಂಸಾರ ನಡೆಯುವುದು ಅದರಿಂದ.

ಹಾಗಿದ್ದರೂ ಬಿಡದಂತೆ ಮಾಡಿದ್ದು ಏನು ಎಂದರೆ ಒಂದು ದಿನದ ಸಂಗತಿ ಹೇಳುತ್ತೇನೆ. ಒಬ್ಬ ಅಜ್ಜಿಯ ಬಳಿ ಬೀಸುವ ಪದ ಧ್ವನಿಮುದ್ರಿಸಲು ಹೋಗಿದ್ದೆ. ‘ಹಾಡಿ ಅಜ್ಜಿ’ ಎಂದರೆ ಎರಡು ಸಾಲು ಹೇಳಿ ನಿಲ್ಲಿಸುತ್ತಾರೆ. ಮರೆತಿರಬೇಕು ಎಂದುಕೊಂಡೆ. ಅವರು ಸುತ್ತಮುತ್ತ ನೋಡಿ, ‘ಕಲ್ಲು ತಿರುಗದೆ ಪದ ಹೇಗೆ ಬರುತ್ತದೆ ಮಗಳೇ’ ಎಂದರು. ಹಿತ್ತಲಿನಲ್ಲಿ ಕೋಳಿಗೂಡಿಗೆ ಒತ್ತಾಗಿ ಇಟ್ಟಿದ್ದ ಬೀಸುವ ಕಲ್ಲನ್ನು ಮೊಮ್ಮಗನ ಕೈಯಲ್ಲಿ ಹೊರಿಸಿ ತಂದು ತೊಳೆದೆವು. ಬರಿಗಲ್ಲು ತಿರುಗಿಸಿದರೆ ಕರಕರ ಎಂದು ಮಾತೇ ಕೇಳದು. ಅದಕ್ಕೆ ಎರಡು ಹಿಡಿ ರಾಗಿ ಹಾಕಿದರು. ರೆಕಾರ್ಡರ್ ನೆಲದ ಮೇಲಿಟ್ಟರೆ ಕಲ್ಲಿನ ಅದುರು ಹತ್ತುತ್ತದೆಂದು ಟವಲ್ಲನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದೆ. ಕಲ್ಲು ತಿರುಗಿತು, ಪದವೂ ಬಂತು, ನಲವತ್ತು ನಿಮಿಷ, ಎಲ್ಲಿಯೂ ತಡವರಿಸದೆ. ನೆನಪು ತಲೆಯಲ್ಲಿರಲಿಲ್ಲ, ತೋಳಿನಲ್ಲಿತ್ತು. ಅದು ಪ್ರಸಾರವಾದ ಸಂಜೆಯೇ ಪಕ್ಕದ ಊರಿನಿಂದ ಕರೆ: ‘ಆ ಮೂರನೇ ನುಡಿ ತಪ್ಪು, ನಮ್ಮ ಕಡೆ ಅದು ಹಾಗಿಲ್ಲ.’ ಅವರನ್ನೂ ಧ್ವನಿಮುದ್ರಿಸಿದೆ. ಆಗ ಮತ್ತೊಂದು ಊರಿನವರಿಗೆ ಇಬ್ಬರದೂ ತಪ್ಪೆನಿಸಿತು. ಹದಿನೈದು ದಿನ ಒಂದು ನುಡಿಯ ಮೇಲೆ ಮೂರು ಊರು ಜಗಳವಾಡಿದವು. ನನಗೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಮಾಡಲು ಈವರೆಗೆ ಸಾಧ್ಯವಾಗಿಲ್ಲ. ಅಜ್ಜಿ ಮಾತ್ರ, ಬೀಸಿದ ಹಿಟ್ಟನ್ನು ನನಗೇ ಕಟ್ಟಿಕೊಟ್ಟಿದ್ದರು.

ಕಷ್ಟವೂ ಇದೆ. ದನಿ ಎಲ್ಲರಿಗೂ ಗೊತ್ತಿರುವುದರಿಂದ ಸಂತೆಯಲ್ಲಿ ಬೆಲೆ ಚೌಕಾಸಿ ಮಾಡುವಂತಿಲ್ಲ, ಬಾಯಿ ತೆರೆದರೆ ‘ಓ, ರೇಡಿಯೋ ಅಕ್ಕ’ ಎನ್ನುತ್ತಾರೆ. ಮಗಳನ್ನು ಬೀದಿಯಲ್ಲಿ ಗದರಿಸುವಂತೆಯೂ ಇಲ್ಲ. ಕುಡಿತ ಬಿಡಿಸುವ ಬಗ್ಗೆ ಕಾರ್ಯಕ್ರಮ ಮಾಡಿದಾಗ ಇಬ್ಬರು ಗಂಡಸರು ಕೇಂದ್ರದ ಬಾಗಿಲಿಗೇ ಬಂದು ಕೂಗಾಡಿದರು. ಕೇಳುಗರೂ ಕಡಿಮೆಯಾಗುತ್ತಿದ್ದಾರೆ. ಹಳೆಯ ಬಟನ್ ಮೊಬೈಲ್‌ಗಳಲ್ಲಿ ಎಫ್‌ಎಂ ಇತ್ತು, ಇಯರ್‌ಫೋನ್‌ ತಂತಿಯೇ ಆಂಟೆನಾ ಆಗುತ್ತಿತ್ತು. ಹೊಸ ಫೋನ್‌ಗಳಲ್ಲಿ ಹಲವಕ್ಕೆ ಎಫ್‌ಎಂ ಇಲ್ಲ, ಕೆಲವಕ್ಕೆ ತಂತಿ ಚುಚ್ಚುವ ತೂತೂ ಇಲ್ಲ. ಹುಡುಗರಿಗಾಗಿ ಈಗ ತುಣುಕುಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ, ಮನಸ್ಸಿಲ್ಲದ ಮನಸ್ಸಿನಿಂದ.

ನನ್ನ ತವರು ಗುಡ್ಡದ ಆಚೆಗಿದೆ, ನಮ್ಮ ಪ್ರಸಾರ ಅಲ್ಲಿಗೆ ಮುಟ್ಟುವುದಿಲ್ಲ. ಅಮ್ಮ ಮೊದಲ ಬಾರಿಗೆ ನನ್ನನ್ನು ರೇಡಿಯೋದಲ್ಲಿ ಕೇಳಿದ್ದು ನಾನು ಸೇರಿ ನಾಲ್ಕು ವರ್ಷದ ಮೇಲೆ, ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ. ಪ್ರಸಾರ ಮುಗಿಸಿ ಮನೆಗೆ ಬಂದು ಹೇಗಿತ್ತು ಎಂದು ಕೇಳಿದೆ. ‘ನೀನು ಮನೆಯಲ್ಲಿ ಮಾತಾಡುವ ಹಾಗೆಯೇ ಇತ್ತಲ್ಲ, ಇದಕ್ಕೆ ದುಡ್ಡು ಕೊಡುತ್ತಾರೆಯೇ?’ ಎಂದರು. ಅವರು ಹೊಗಳಿದ್ದಲ್ಲ, ನಿಜವಾಗಿಯೂ ಅನುಮಾನ ಬಂದು ಕೇಳಿದ್ದು. ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ನೀವು ಈ ಕೆಲಸಕ್ಕೆ ಬರುವ ಯೋಚನೆಯಲ್ಲಿ ಕೇಳಿದ್ದರೆ, ಹತ್ತಿರದ ಕೇಂದ್ರಕ್ಕೆ ಹೋಗಿ, ಆದರೆ ಮೊದಲೇ ಮೈಕ್ ಕೇಳಬೇಡಿ. ಧ್ವನಿ ಕತ್ತರಿಸುವ ಕೆಲಸ ಕೇಳಿ, ಯಾರೂ ಬೇಡ ಎನ್ನುವುದಿಲ್ಲ. ಬೇರೆಯವರ ‘ಅಂದರೆ’, ‘ಅದೇನೆಂದರೆ’ಗಳನ್ನು ಎರಡು ತಿಂಗಳು ಕತ್ತರಿಸಿದ ಮೇಲೆ ನಿಮ್ಮ ಮಾತು ನಿಮಗೆ ಕೇಳಿಸಲು ಶುರುವಾಗುತ್ತದೆ. ಯಾವ ಜಿಲ್ಲೆಯವರೆಂದು ಕೆಳಗೆ ಬರೆಯಿರಿ, ಅಲ್ಲಿ ಕೇಂದ್ರವಿದ್ದರೆ ಹೇಳುತ್ತೇನೆ. ಉತ್ತರ ತಡವಾದೀತು, ಈ ವಾರ ನಮ್ಮ ಮನೆಯ ಹುಳುವೂ ಹಣ್ಣಾಗಿದೆ, ಚಂದ್ರಂಕಿಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಬಿಡಬೇಕು.