ಕಾರಿನ ಹಿಂದಿನ ಗ್ಲಾಸ್ ಹಾಕಿಸುವಾಗ ರೇಟ್ ಕೊನೆಗೆ ಕೇಳಿ, ಮೊದಲು ಮಳೆಗಾಲದ ಮಾತು ಆಡಿ

ಕಲಬುರಗಿಯಲ್ಲಿದ್ದೇನೆ, ಹ್ಯಾಚ್‌ಬ್ಯಾಕ್ ಕಾರು, ಹಿಂದಿನ ಗ್ಲಾಸ್ ಪುಡಿಯಾಗಿದೆ, ಮೂರು ಅಂಗಡಿಯಲ್ಲಿ ಮೂರು ರೇಟ್ ಹೇಳುತ್ತಿದ್ದಾರೆ, ಹಾಕಿಸುವ ಮುಂಚೆ ಏನು ಕೇಳಬೇಕು ಅಂತ ಕೇಳಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ಇದೇ ಊರಲ್ಲಿ ಒಂದೇ ವರ್ಷದಲ್ಲಿ ಒಂದೇ ಕಾರಿಗೆ ಎರಡು ಸಲ ಹಿಂದಿನ ಗ್ಲಾಸ್ ಹಾಕಿಸಿದವನು. ಮೊದಲ ಸಲ ರೇಟ್ ಒಂದೇ ಕೇಳಿದ್ದೆ. ಅದಕ್ಕೇ ಎರಡನೇ ಸಲ ಬಂತು.

ನನ್ನದು ಒಡೆದದ್ದು ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ದಿನ. ಹೊಲಕ್ಕೆ ಹೊರಟಿದ್ದೆವು, ಡಿಕ್ಕಿ ತುಂಬ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕೊಡ, ಅದರ ಮೇಲೆ ಅಜ್ಜನಿಗೆ ಕೂರಲು ಒಂದು ಮಡಚುವ ಕಬ್ಬಿಣದ ಕುರ್ಚಿ. ಕುರ್ಚಿಯ ಕಾಲು ಎರಡು ಬೆರಳು ಹೊರಗಿತ್ತು. ನಾನು ನೋಡಲಿಲ್ಲ, ಬಾಗಿಲು ಜೋರಾಗಿ ಎಳೆದೆ. ಫಳ್ ಅಂತ ಒಂದೇ ಶಬ್ದ, ಪೂರ್ತಿ ಗ್ಲಾಸ್ ಜೋಳದ ಕಾಳಿನ ಹಾಗೆ ಉದುರಿತು. ಭಜ್ಜಿ ಪಾತ್ರೆಗೆ ಮುಚ್ಚಳ ಇತ್ತು, ಪುಣ್ಯ.

ಅಷ್ಟು ಸಣ್ಣ ಪೆಟ್ಟಿಗೆ ಪೂರ್ತಿ ಗ್ಲಾಸ್ ಯಾಕೆ ಹೋಗುತ್ತದೆ ಅಂದರೆ, ಮುಂದಿನ ಮತ್ತು ಹಿಂದಿನ ಗ್ಲಾಸ್ ಒಂದೇ ಜಾತಿ ಅಲ್ಲ. ಮುಂದಿನದು ಲ್ಯಾಮಿನೇಟೆಡ್. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಟ್ಟರೂ ಅಲ್ಲೇ ಅಂಟಿಕೊಂಡಿರುತ್ತದೆ, ಸಣ್ಣ ಚಿಪ್ ಆದರೆ ಫಿಲ್ಲಿಂಗ್ ಮಾಡಬಹುದು. ಹಿಂದಿನದು ಸಾಮಾನ್ಯವಾಗಿ ಟೆಂಪರ್ಡ್. ಕಾಯಿಸಿ ತಟ್ಟನೆ ತಣಿಸಿ ಮಾಡಿದ್ದು. ನಡುವೆ ಗುದ್ದಿದರೆ ತಡೆದುಕೊಳ್ಳುತ್ತದೆ, ಅಂಚಿಗೆ ಒಂದು ಚೂಪಾದ ಪೆಟ್ಟು ಬಿದ್ದರೆ ಮುಗಿಯಿತು, ಎಲ್ಲಾ ಒಟ್ಟಿಗೆ ಹರಳು. ಇದರಲ್ಲಿ ರಿಪೇರಿ ಅನ್ನುವುದೇ ಇಲ್ಲ. ಯಾರಾದರೂ "ಅಡ್ಜಸ್ಟ್ ಮಾಡಿ ಕೊಡ್ತೀವ್ರಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಇನ್ಶೂರೆನ್ಸ್‌ನವರಿಗೆ ಒಂದು ಫೋನ್ ಮಾಡಿ. ಗಾಜು ಗುಡಿಸುವ ಮುಂಚೆಯೇ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ, ನಂಬರ್ ಪ್ಲೇಟ್ ಕಾಣುವ ಹಾಗೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗ್ಲಾಸಿಗೆ ಏನೂ ಸಿಗುವುದಿಲ್ಲ, ಆ ಮಾತು ಅಲ್ಲಿಗೇ ಬಿಡಿ. ಪೂರ್ತಿ ಪಾಲಿಸಿ ಇದ್ದರೆ ಒಂದು ಒಳ್ಳೆಯ ವಿಷಯ ಇದೆ: ಗಾಜಿನ ಭಾಗಗಳಿಗೆ ಸವಕಳಿ ಕಡಿತ, ಅಂದರೆ ಹಳೆಯದಾಗಿದೆ ಅಂತ ದುಡ್ಡು ಕಡಿಯುವುದು, ಇಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಕ್ಕಾದರೆ ಶೇ. 50 ಕಡಿಯುತ್ತಾರೆ. ಕಡ್ಡಾಯವಾಗಿ ನಾವು ಕೈಯಿಂದ ಹಾಕಬೇಕಾದದ್ದು 1500 ಸಿಸಿ ವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಓದಿದರೆ ಖುಷಿ ಆಗುತ್ತದೆ, ಅಲ್ವಾ? ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೇ ಇದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮರೆಯಬೇಡಿ. ಐದು ವರ್ಷ ಕ್ಲೇಮ್ ಮಾಡದೇ ಇದ್ದರೆ ಅದು ಶೇ. 50 ವರೆಗೆ ಏರಿರುತ್ತದೆ, ಒಂದು ಗ್ಲಾಸ್ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು, ಬೋನಸ್ ಉಳಿಸುವ ಆ್ಯಡ್-ಆನ್ ಬೇರೆ ತೆಗೆದುಕೊಂಡಿದ್ದರೆ ಮಾತು ಬೇರೆ. ಹಾಗಾಗಿ ಅವರಿಗೆ ಕೇಳಬೇಕಾದ ಪ್ರಶ್ನೆ "ಕ್ಲೇಮ್ ಸಿಗುತ್ತಾ" ಅಲ್ಲ, "ಕ್ಲೇಮ್ ಮಾಡಿದರೆ ಮುಂದಿನ ವರ್ಷದ ಪ್ರೀಮಿಯಂ ಎಷ್ಟು ಏರುತ್ತದೆ". ನಾನು ಲೆಕ್ಕ ಹಾಕಿದೆ, ಸಣ್ಣ ಕಾರು, ಕೈಯಿಂದ ಕೊಡುವುದೇ ಕಡಿಮೆ ಬಿತ್ತು. ನಿಮ್ಮದು ನೀವು ಹಾಕಿ ನೋಡಿ. ಕ್ಲೇಮ್ ಮಾಡುವುದಾದರೆ ಸರ್ವೇಯರ್ ನೋಡುವ ತನಕ ಹೊಸ ಗ್ಲಾಸ್ ಹಾಕಿಸಬೇಡಿ.

ಇನ್ನು ಅಂಗಡಿ. ಮೊದಲ ಸಲ ನಾನು ಮಾಡಿದ ದಡ್ಡತನ ಕೇಳಿ. ಫೋನಿನಲ್ಲಿ ಕಾರಿನ ಹೆಸರು, ಮಾಡೆಲ್ ವರ್ಷ ಹೇಳಿ ರೇಟ್ ಕೇಳಿದೆ. ಶೋರೂಮ್‌ಗಿಂತ ಎರಡೂವರೆ ಸಾವಿರ ಕಡಿಮೆ ಅಂದರು. ಸಂಜೆಯೊಳಗೆ ಗ್ಲಾಸ್ ಕೂತಿತ್ತು. ಮನೆಗೆ ಬಂದ ಮೇಲೆ ಮಗಳು ಹೇಳಿದಳು, "ಅಪ್ಪಾ, ಹಿಂದಿನ ಗೆರೆಗಳು ಎಲ್ಲಿ?" ಡಿಫಾಗರ್ ಗೆರೆಗಳೇ ಇಲ್ಲ, ಅದೇ, ಸ್ವಿಚ್ ಒತ್ತಿದರೆ ಬೆಚ್ಚಗಾಗಿ ಗಾಜಿನ ಮೇಲಿನ ಮಂಜು ತೆಗೆಯುವ ಗೆರೆಗಳು! ಒಂದೇ ಕಾರಿನ ಕೆಳಗಿನ ವೇರಿಯಂಟ್‌ಗೆ ಗೆರೆ ಇಲ್ಲದ ಗ್ಲಾಸ್ ಬರುತ್ತದೆ, ಮೇಲಿನದಕ್ಕೆ ಗೆರೆ ಇರುವುದು ಬರುತ್ತದೆ, ಅಳತೆ ಮಾತ್ರ ಒಂದೇ. ಎರಡೂವರೆ ಸಾವಿರದ ಗುಟ್ಟು ಅದೇ. ವಾಪಸ್ ಹೋಗಿ ಕೇಳಿದರೆ ಅಂಗಡಿಯವರು ನಕ್ಕು, "ನಮ್ಮ ಕಲಬುರಗ್ಯಾಗ ಮಂಜು ಎಲ್ಲಿ ಬೀಳ್ತದ್ರಿ?" ಅಂದರು. ಮಾತು ನಿಜ, ಮಂಜು ಬೀಳುವುದಿಲ್ಲ. ಆದರೆ ಮಳೆಯಲ್ಲಿ ನಾಲ್ಕು ಜನ ಕೂತು ಕಿಟಕಿ ಏರಿಸಿದರೆ ಒಳಗಿನ ಉಸಿರಿಗೇ ಹಿಂದಿನ ಗ್ಲಾಸ್ ಬೆಳ್ಳಗಾಗುತ್ತದೆ. ರಾತ್ರಿ ಜೇವರ್ಗಿ ರೋಡಿನಲ್ಲಿ ಹಿಂದೆ ಲಾರಿ ಎಷ್ಟು ದೂರ ಇದೆ ಅಂತ ಗೊತ್ತಾಗದೆ ಒದ್ದಾಡಿದವನಿಗೆ ಆ ಗೆರೆಗಳ ಬೆಲೆ ಗೊತ್ತು.

ಅದಕ್ಕೆ ಮೊದಲು ಕೇಳಿ: "ನನ್ನ ಹಳೇ ಗ್ಲಾಸಿನಲ್ಲಿ ಏನೇನಿತ್ತೋ ಅದೆಲ್ಲ ಇದರಲ್ಲಿ ಇದೆಯಾ?" ಇದನ್ನು ಕೇಳಬೇಕಾದರೆ ಏನಿತ್ತು ಅಂತ ನಿಮಗೇ ಗೊತ್ತಿರಬೇಕು. ಡಿಫಾಗರ್ ಗೆರೆ ಇತ್ತಾ, ವೈಪರ್‌ಗೆ ತೂತು ಇತ್ತಾ, ರೇಡಿಯೋದ ಆಂಟೆನಾ ಗಾಜಿನೊಳಗೇ ಇತ್ತಾ (ಕೆಲವು ಕಾರಲ್ಲಿ ಡಿಫಾಗರ್ ಮೇಲೆ ಇನ್ನೊಂದೆರಡು ತೆಳು ಗೆರೆ ಇರುತ್ತದೆ, ಅದು ಆಂಟೆನಾ, ಅದಿಲ್ಲದ ಗ್ಲಾಸ್ ಹಾಕಿದರೆ ಎಫ್‌ಎಂ ಗೊರಗೊರ ಅನ್ನುತ್ತದೆ, ಜನ ಸುಮ್ನೆ ಸ್ಟೀರಿಯೋ ಬದಲಿಸುತ್ತಾರೆ), ತಿಳಿ ಹಸಿರು ಬಣ್ಣವೋ ಪೂರ್ತಿ ಬಿಳಿಯೋ, ಸುತ್ತ ಕಪ್ಪು ಪಟ್ಟಿ ಇತ್ತಾ. ಆ ಕಪ್ಪು ಪಟ್ಟಿ ಚೆಂದಕ್ಕೆ ಅಲ್ಲ. ಅದರ ಹಿಂದೆ ಅಂಟು ಇರುತ್ತದೆ, ಬಿಸಿಲು ತಾಗಿ ಅಂಟು ಹಾಳಾಗದಿರಲಿ ಅಂತ ಇರುವುದು. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಅದು ಬೇಕೇ ಬೇಕು. ನೆನಪಿಲ್ಲ ಅಂದರೆ ಹಳೇ ಫೋಟೋ ಹುಡುಕಿ, ಮದುವೆಗೋ ಶರಣಬಸವೇಶ್ವರ ಜಾತ್ರೆಗೋ ಹೋದಾಗ ಕಾರಿನ ಹಿಂದೆ ನಿಂತು ತೆಗೆಸಿಕೊಂಡದ್ದು ಒಂದಾದರೂ ಸಿಗುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಚಾಸಿಸ್ ನಂಬರ್. ಆರ್‌ಸಿಯಲ್ಲಿ ಇರುತ್ತದೆ. ಅದನ್ನು ಶೋರೂಮಿನ ಪಾರ್ಟ್ಸ್ ಕೌಂಟರ್‌ನಲ್ಲಿ ಕೊಟ್ಟರೆ ನಿಮ್ಮ ವೇರಿಯಂಟ್‌ನ ಸರಿಯಾದ ಪಾರ್ಟ್ ನಂಬರ್ ಹೇಳುತ್ತಾರೆ. ಆಮೇಲೆ ಎಲ್ಲಿ ಬೇಕಾದರೂ ಹಾಕಿಸಿ, ಆ ನಂಬರ್ ಮುಂದಿಟ್ಟು ರೇಟ್ ಕೇಳಿ. ಆಗ ಮೂರು ಅಂಗಡಿಯ ಮೂರು ರೇಟ್ ಒಂದೇ ಸಾಮಾನಿನದು ಆಗುತ್ತದೆ. ಈಗ ನಿಮಗೆ ಹೇಳಿರುವ ಮೂರು ರೇಟ್ ಮೂರು ಬೇರೆ ಗಾಜಿನದು ಇರಬಹುದು.

ಗ್ಲಾಸ್ ಬಂದ ಮೇಲೆ ಮೂಲೆಯಲ್ಲಿ ಕೊರೆದಿರುವ ಗುರುತು ಓದಿ. ಮಾಡಿದವರ ಹೆಸರು, ಟೆಂಪರ್ಡ್ ಅಥವಾ ಟಫನ್ಡ್ ಅನ್ನುವ ಪದ, ಐಎಸ್‌ಐ ಮಾರ್ಕ್, ಐಎಸ್ 2553 ಅಂತ ಇರಬೇಕು. ಗುರುತೇ ಇಲ್ಲದ ಗಾಜು ಬೇಡ. ಕಂಪನಿ ಡಬ್ಬಿಯ ಗ್ಲಾಸೇ ಆಗಬೇಕು ಅಂತ ನಾನು ಹಟ ಮಾಡುವುದಿಲ್ಲ, ಸೇಂಟ್ ಗೋಬೇನ್, ಅಸಾಹಿ ಇಂಥವರು ಕಾರ್ ಕಂಪನಿಗಳಿಗೂ ಗಾಜು ಕೊಡುತ್ತಾರೆ, ಹೊರಗಿನ ಮಾರುಕಟ್ಟೆಗೂ ಕೊಡುತ್ತಾರೆ. ಗುಜರಿ ಗ್ಲಾಸ್ ಮಾತ್ರ ನನಗೆ ಇಷ್ಟ ಇಲ್ಲ, ಅಂಚಿನಲ್ಲಿ ಕೂದಲೆಳೆಯಷ್ಟು ಚಿಪ್ ಇದ್ದರೂ ಅದು ಯಾವತ್ತು ಸಿಡಿಯುತ್ತದೆ ಹೇಳಲಾಗದು. ಮತ್ತೆ, ಬಿಸಿಲಿಗೆ ತಂಪಾಗಿರುತ್ತದೆ ಅಂತ ಅದರ ಮೇಲೆ ಕಪ್ಪು ಫಿಲ್ಮ್ ಅಂಟಿಸಲು ಬರುತ್ತಾರೆ, ಒಪ್ಪಬೇಡಿ. 1989ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70 ಬೆಳಕು ಹಾಯಬೇಕು. (ಪಕ್ಕದ ಮನೆಯವರು ಕೇಳಿದರು, ಫಾಸ್ಟ್ಯಾಗ್ ಹೊಸದು ಮಾಡಿಸಬೇಕಾ ಅಂತ. ಅದು ಮುಂದಿನ ಗ್ಲಾಸಿನಲ್ಲಿ ಇರುತ್ತದೆ ಮಾರಾಯರೇ.)

ಗ್ಲಾಸ್ ಊರಲ್ಲೇ ಇದೆಯಾ, ಸೋಲಾಪುರ ಅಥವಾ ಹೈದರಾಬಾದ್‌ನಿಂದ ತರಿಸಬೇಕಾ, ಅದನ್ನೂ ಕೇಳಿ. ನನ್ನ ಎರಡನೇ ಗ್ಲಾಸ್ ಹೈದರಾಬಾದ್‌ನಿಂದ ಬಂತು. ದಾರಿಯಲ್ಲಿ ಒಡೆದರೆ ಯಾರ ಲೆಕ್ಕ? ಅಡ್ವಾನ್ಸ್ ಕೊಡುವ ಮುಂಚೆ ಬರೆಸಿಕೊಳ್ಳಿ.

ಇನ್ನು ಅಂಟು. ನನಗೆ ಜಾಸ್ತಿ ನಷ್ಟ ಆದದ್ದು ಇಲ್ಲೇ. ಈಗಿನ ಕಾರುಗಳಲ್ಲಿ ಹಿಂದಿನ ಗ್ಲಾಸನ್ನು ಸಾಮಾನ್ಯವಾಗಿ ಪಿಯು ಅನ್ನುವ ಅಂಟಿನಿಂದ ಕೂರಿಸುತ್ತಾರೆ, ಓಮ್ನಿ, ಮಾರುತಿ 800 ಥರದ ಹಳೇ ಗಾಡಿಯಲ್ಲಿ ಮಾತ್ರ ರಬ್ಬರ್ ಬೀಡಿಂಗ್. ನಿಮ್ಮದು ಹಳೇ ಗಾಡಿ ಆಗಿದ್ದರೆ ಹೊಸ ಬೀಡಿಂಗ್ ಹಾಕಿಸಿ, ಅಷ್ಟೇ ಸಾಕು. ಅಂಟಿನದಾದರೆ ಟ್ಯೂಬ್ ಕೈಗೆ ತೆಗೆದುಕೊಂಡು ನೋಡಿ, ಪಿಯುನಾ, ಎಕ್ಸ್‌ಪೈರಿ ದಿನಾಂಕ ಏನು, ಪ್ರೈಮರ್ (ಅಂಟು ಚೆನ್ನಾಗಿ ಹಿಡಿಯಲು ಮೊದಲು ಬಳಿಯುವ ದ್ರವ) ಹಚ್ಚುತ್ತೀರಾ ಅಂತ ಕೇಳಿ. ನನ್ನ ಮೊದಲ ಗ್ಲಾಸಿಗೆ ಬಾತ್‌ರೂಮ್ ಸಂದಿಗೆ ಹಾಕುವ ಸಿಲಿಕಾನ್ ಬಳಿದಿದ್ದರು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಳೇ ಅಂಟು ಕೆರೆಯುವಾಗ ತಗಡಿಗೆ ಗೀರು ಬಿದ್ದು ಬಣ್ಣ ಹೋಗಿತ್ತು, ಅದನ್ನೂ ಹಾಗೇ ಬಿಟ್ಟಿದ್ದರು. ಎರಡನೇ ಸಲ ಬಿಚ್ಚಿದಾಗ ಆ ಜಾಗದಲ್ಲಿ ತುಕ್ಕು.

ಅವರು ಕೊಟ್ಟದ್ದು ಒಂದು ತಿಂಗಳ ಗ್ಯಾರಂಟಿ. ನನಗೂ ಸಮಾಧಾನ ಆಗಿತ್ತು. ಸ್ವಲ್ಪ ಯೋಚನೆ ಮಾಡಿ: ಎಳ್ಳಮಾಸಿ ಬರುವುದು ಡಿಸೆಂಬರ್ ಕೊನೆಗೋ ಜನವರಿಗೋ. ನಮ್ಮ ಕಡೆ ನಿಜವಾದ ಮಳೆ ಶುರುವಾಗುವುದು ಜೂನ್‌ನಲ್ಲಿ, ಜಡಿದು ಹೊಡೆಯುವುದು ಸೆಪ್ಟೆಂಬರ್‌ನಲ್ಲಿ. ಜನವರಿಯಲ್ಲಿ ಹಾಕಿದ ಗ್ಲಾಸ್ ಸೋರುತ್ತದೋ ಇಲ್ಲವೋ ಅಂತ ಫೆಬ್ರವರಿಯಲ್ಲಿ ಗೊತ್ತಾಗಲು ಸಾಧ್ಯವೇ? ಜೂನ್‌ನ ಸಣ್ಣ ಮಳೆಗೆ ಡಿಕ್ಕಿಯಲ್ಲಿ ಒಂದು ಥರ ಮುಗ್ಗುಲು ವಾಸನೆ ಬಂತು, ಮ್ಯಾಟ್ ಒಣಗಿಸಿ ಸುಮ್ಮನಾದೆ. ಸೆಪ್ಟೆಂಬರ್‌ನಲ್ಲಿ ಎರಡು ದಿನ ಬಿಡದೆ ಸುರಿಯಿತು. ಮೂರನೇ ದಿನ ಡಿಕ್ಕಿಯಲ್ಲಿದ್ದ ಹತ್ತು ಕಿಲೋ ತೊಗರಿಬೇಳೆ ಚೀಲ ಎತ್ತಿದರೆ ತಳ ಒದ್ದೆ, ಕೆಳಗೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತು ಜಾಕ್ ಕೆಂಪಗಾಗಿತ್ತು. ಅಂಗಡಿಯವರು ಬಿಲ್ ನೋಡಿ, "ಗ್ಯಾರಂಟಿ ಮುಗದದಲ್ರಿ" ಅಂದರು. ತಪ್ಪು ಹೇಳಲಿಲ್ಲ, ನಾನೇ ಒಪ್ಪಿ ಸಹಿ ಹಾಕಿದ್ದೆ.

ಹಾಗಾಗಿ ಈ ಊರಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ತಿಂಗಳ ಗ್ಯಾರಂಟಿ" ಅಲ್ಲ. "ಒಂದು ಮಳೆಗಾಲ ಪೂರ್ತಿ ಸೋರಿಕೆಗೆ ನೀವು ಜವಾಬ್ದಾರರಾ?" ಹೌದು ಅಂದರೆ ಬಿಲ್ಲಿನ ಮೇಲೆ ಬರೆಸಿ. ಸೋರಿಕೆ ಅನ್ನುವ ಪದ ಬಿಲ್ಲಿನಲ್ಲಿ ಕಾಣಬೇಕು, ಯಾಕೆಂದರೆ ಬರೀ ಗ್ಯಾರಂಟಿ ಅಂತ ಬರೆದರೆ ಆಮೇಲೆ "ಅದು ಗ್ಲಾಸಿಗೆ ಮಾತ್ರ" ಅನ್ನುತ್ತಾರೆ. ಎರಡನೇ ಸಲ ನಾನು ಹೀಗೆ ಕೇಳಿದಾಗ ಒಬ್ಬರು ಮುಖ ತಿರುಗಿಸಿದರು. ಇನ್ನೊಬ್ಬರು "ಬರೀತೀನ್ರಿ, ಅದರಾಗೇನದ" ಅಂತ ಪೆನ್ ತೆಗೆದರು. ಅವರ ಹತ್ತಿರವೇ ಹಾಕಿಸಿದೆ, ಇನ್ನೂರು ರೂಪಾಯಿ ಜಾಸ್ತಿ ಇತ್ತು.

ನೀರಿನ ಪರೀಕ್ಷೆ ಮಾಡಿ ತೋರಿಸಿ ಅಂತಲೂ ಕೇಳಿ, ಆದರೆ ಅಂಟು ಹಿಡಿದ ಮೇಲೆ. ಎಷ್ಟು ಹೊತ್ತು ಬೇಕು ಅಂತ ಟ್ಯೂಬ್ ಮೇಲೇ ಬರೆದಿರುತ್ತದೆ. ಇಷ್ಟು ಬಿಸಿಲಿಗೆ ಒಂದು ತಾಸು ಸಾಕು ಅನ್ನುವವರು ಸಿಗುತ್ತಾರೆ. ಸಾಮಾನ್ಯ ಪಿಯು ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ, ಬೇಸಿಗೆಯ ನಮ್ಮ ಒಣ ಗಾಳಿಯಲ್ಲಿ ಅದು ನಿಧಾನ ಆಗುತ್ತದೆ. ನಾನು ಒಂದು ರಾತ್ರಿ ಕಾರು ಅಲ್ಲೇ ಬಿಟ್ಟೆ. ಬೆಳಗ್ಗೆ ಒಬ್ಬ ಹುಡುಗ ಹೊರಗಿಂದ ಪೈಪ್ ಹಿಡಿದ, ನಾನು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ಮುದುಡಿ ಕೂತಿದ್ದೆ, ನೋಡಿದವರು ನಕ್ಕರು. ವೈಪರ್ ತೂತಿನ ರಬ್ಬರ್ ಹತ್ತಿರ ಒಂದು ಹನಿ ಕಾಣಿಸಿತು, ಅಲ್ಲೇ ಬದಲಿಸಿದರು. ಡಿಫಾಗರ್ ಸ್ವಿಚ್ ಒತ್ತಿ ಎರಡು ನಿಮಿಷ ಬಿಟ್ಟು ಒಳಗಿಂದ ಗೆರೆ ಮುಟ್ಟಿ ನೋಡಿ, ಬೆಚ್ಚಗಾಗಬೇಕು. ಆಗದಿದ್ದರೆ ಪಕ್ಕದ ಕನೆಕ್ಷನ್ ಸಿಕ್ಕಿಸಿರುವುದಿಲ್ಲ, ತುಂಬಾ ಸಲ ಅಷ್ಟೇ ಕಾರಣ. ಮೊದಲ ಒಂದೆರಡು ದಿನ ಯಾವುದಾದರೂ ಕಿಟಕಿ ಒಂದು ಬೆರಳು ಇಳಿಸಿಯೇ ಬಾಗಿಲು ಹಾಕಿ. ಎಲ್ಲಾ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿ ಹೊಸ ಗ್ಲಾಸನ್ನು ಹೊರಗೆ ತಳ್ಳುತ್ತದೆ. ಪ್ರೆಶರ್ ವಾಶ್ ಕೂಡ ಆಗ ಬೇಡ.

ಒಡೆದ ಗಾಜು ಯಾರು ತೆಗೆಯುತ್ತಾರೆ ಅನ್ನುವುದನ್ನು ಜನ ಕೇಳುವುದೇ ಇಲ್ಲ. ಸೀಟ್ ಮೇಲಿನದು ಗುಡಿಸಿದರೆ ಆಗಲಿಲ್ಲ, ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ವ್ಯಾಕ್ಯೂಮ್ ಹಿಡಿಯಬೇಕು. ಇಲ್ಲದಿದ್ದರೆ ಪ್ರತಿ ಹಂಪ್‌ಗೆ ಗಿಲಕಿ ಸದ್ದು. ರೇಟಿನಲ್ಲಿ ಅದು ಸೇರಿದೆಯಾ ಕೇಳಿ. ಅಂಟು, ಪ್ರೈಮರ್, ಕೂಲಿ, ಜಿಎಸ್‌ಟಿ ಸೇರಿದೆಯಾ ಅಂತ ಅದೇ ಉಸಿರಿನಲ್ಲಿ ಕೇಳಿಬಿಡಿ, ಈಗ ರೇಟ್ ಮಾತಾಡಬಹುದು.

ಅಲ್ಲಿಯ ತನಕ ಪ್ಲಾಸ್ಟಿಕ್ ಕಟ್ಟಿ ಓಡಿಸುತ್ತಿದ್ದೀರಿ ಅಂದುಕೊಂಡಿದ್ದೇನೆ. ಟೇಪನ್ನು ಬಣ್ಣದ ಮೇಲೆ ಅಂಟಿಸಿ ಬಿಸಿಲಲ್ಲಿ ನಿಲ್ಲಿಸಬೇಡಿ, ಗೋಂದು ಬೆಂದು ಕೂರುತ್ತದೆ. ಪ್ಲಾಸ್ಟಿಕ್ ಹರಿದು ಹಿಂದೆ ತೆರೆದಿದ್ದರೆ ಸೈಲೆನ್ಸರ್ ಹೊಗೆಯನ್ನು ಕಾರು ಒಳಗೆ ಎಳೆದುಕೊಳ್ಳುತ್ತದೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹುಮನಾಬಾದ್ ಕಡೆ ಲಾಂಗ್ ಹೋಗಬೇಡಿ, ಊರೊಳಗೆ ಓಡಿಸುವಾಗ ಮುಂದಿನ ಕಿಟಕಿ ಇಳಿಸಿಡಿ. ಕಾರಿನ ಮಾಡೆಲ್ ಮತ್ತು ವೇರಿಯಂಟ್ ಇಲ್ಲಿ ಕೆಳಗೆ ಹಾಕಿ, ಡಿಫಾಗರ್ ಇತ್ತೋ ಇಲ್ಲವೋ ನೋಡಿ ಹೇಳುತ್ತೇನೆ.