ಸೊಂಟದ ಕೀಲು ಸವೆದ ನಾಯಿಗೆ ಮನೆಯಲ್ಲಿ ಜಾಗ ಕೊಡುವ ಮುನ್ನ

ಪ್ರಶ್ನೆ: ಬೈಪಾಸ್ ಬದಿಯಲ್ಲಿ ಯಾರೋ ಬಿಟ್ಟುಹೋಗಿದ್ದ, ಸುಮಾರು ನಾಲ್ಕು ವರ್ಷದ ಹೆಣ್ಣು ಲ್ಯಾಬ್ರಡಾರ್ ಒಂದನ್ನು ನಮ್ಮ ಪರಿಚಯದ ಯುವಕರು ರಕ್ಷಿಸಿದ್ದಾರೆ. ಅದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಇದೆಯೆಂದು ಎಕ್ಸ್-ರೇ ನೋಡಿದ ವೈದ್ಯರು ತಿಳಿಸಿದ್ದಾರೆ. ಮೂರು ತಿಂಗಳು ಇಟ್ಟುಕೊಂಡು ನೋಡಿ, ಹೊಂದಿಕೊಂಡರೆ ದತ್ತು ತೆಗೆದುಕೊಳ್ಳಿ ಎಂದು ಆ ಯುವಕರು ಕೇಳುತ್ತಿದ್ದಾರೆ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ, ನುಣುಪಾದ ಟೈಲ್ಸ್ ನೆಲ; ಎಪ್ಪತ್ತು ದಾಟಿದ ಅತ್ತೆಯವರೂ ಜೊತೆಗಿದ್ದಾರೆ. ಶಸ್ತ್ರಚಿಕಿತ್ಸೆ ಅನಿವಾರ್ಯವೇ? ನಾವು ಒಪ್ಪಿಕೊಳ್ಳಬಹುದೇ?
— ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ಮೂರು ತಿಂಗಳ ಮಟ್ಟಿಗೆ ಅವಶ್ಯ ಒಪ್ಪಿಕೊಳ್ಳಿ. ದತ್ತು ತೆಗೆದುಕೊಳ್ಳುವ ನಿರ್ಧಾರವನ್ನು ಮಾತ್ರ ನಿಮ್ಮ ಮನೆಯ ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡು ಮಾಡಬೇಕೆಂದು ನನ್ನ ಸಲಹೆ.

ತೊಡೆಮೂಳೆಯ ಗುಂಡುತಲೆ ಸೊಂಟದ ಮೂಳೆಯ ಕುಳಿಯಲ್ಲಿ ಬಿಗಿಯಾಗಿ ಕೂಡದೆ ಸಡಿಲವಾಗಿರುವುದೇ ಈ ತೊಂದರೆಯ ಮೂಲ. ಸಡಿಲವಾದ ಕೀಲು ಪ್ರತಿ ಹೆಜ್ಜೆಗೂ ಅಲುಗಾಡಿ ಮೃದ್ವಸ್ಥಿ ಸವೆಯುತ್ತದೆ, ಕ್ರಮೇಣ ಸಂಧಿವಾತ ನೆಲೆಯೂರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ವಂಶದಿಂದ ಬರುವುದಾದರೂ, ಮರಿಯಿದ್ದಾಗ ಅತಿಯಾಗಿ ತಿನ್ನಿಸಿ ಬೇಗ ಬೆಳೆಸಿದರೆ ಉಲ್ಬಣಿಸುತ್ತದೆ. ಹುಟ್ಟುವ ಮರಿಗಳಿಗೂ ಇದು ದಾಟಬಹುದಾದ್ದರಿಂದ ಈ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಕೇಳಿ, ಆಗಿರದಿದ್ದರೆ ಮಾಡಿಸಲೇಬೇಕು.

ಕೀಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಈಗಲೇ ಆತಂಕ ಬೇಡ. ಕೀಲಿನ ಹೊಂದಾಣಿಕೆಯನ್ನು ತಿದ್ದುವ ಶಸ್ತ್ರಚಿಕಿತ್ಸೆಗಳನ್ನು ಮರಿಯ ಪ್ರಾಯದಲ್ಲೇ ಮಾಡಬೇಕಾಗಿದ್ದು, ಆ ವಯಸ್ಸು ದಾಟಿಹೋಗಿದೆ. ತೊಡೆಮೂಳೆಯ ತಲೆಯನ್ನು ತೆಗೆದುಹಾಕುವುದು ಅಥವಾ ಇಡೀ ಕೀಲನ್ನು ಬದಲಿಸುವುದು, ಇವೆರಡೇ ಉಳಿದ ದಾರಿಗಳು. ಔಷಧಿ ಮತ್ತು ಆರೈಕೆಯಿಂದ ನೋವು ಹತೋಟಿಗೆ ಬಾರದಿದ್ದಾಗ ಮಾತ್ರ ಅವುಗಳನ್ನು ಯೋಚಿಸಿದರೆ ಸಾಕು.

ನೀವು ಮೊದಲು ಗಮನಿಸಬೇಕಾದದ್ದು ನಾಯಿಯ ತೂಕವನ್ನು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳನ್ನು ಎರಡೆರಡರ ಜೋಡಿ ಮಾಡಿ, ಮರಿಗಳಾಗಿದ್ದಾಗಿನಿಂದ ಕೊನೆಯವರೆಗೂ ಗಮನಿಸಲಾಗಿತ್ತು. ಜೋಡಿಯ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ಪಡೆದವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಲ್ಲಿ ಸಂಧಿವಾತವೂ ತಡವಾಗಿ ಕಾಣಿಸಿಕೊಂಡಿತು. ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕಿಲೋ ತೂಗುತ್ತದೆ; ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬುಗಳು ಸುಲಭವಾಗಿ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು. ಅನಾಥ ನಾಯಿಯ ಮೇಲಿನ ಕನಿಕರ ಬಹುಬೇಗ ತುಪ್ಪ ಸವರಿದ ರೊಟ್ಟಿಯಾಗಿ, ಪೇಢೆಯಾಗಿ ಅದರ ಬಾಯಿ ಸೇರುತ್ತದೆ ಎಂಬುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅತ್ತೆಯವರಿಗೆ ಇದನ್ನು ಮೊದಲ ದಿನವೇ ಪ್ರೀತಿಯಿಂದ ತಿಳಿಸಿ ಹೇಳಿ, ಏಕೆಂದರೆ ಹಗಲೆಲ್ಲ ನಾಯಿಯ ಜೊತೆ ಇರುವವರು ಅವರೇ.

ಎರಡನೆಯದು ನೆಲ. ಟೈಲ್ಸ್ ಮೇಲೆ ಹಿಂಗಾಲು ಜಾರಿದಾಗಲೆಲ್ಲ ಕೀಲು ಹೊರಳುತ್ತದೆ. ನಾಯಿ ಓಡಾಡುವ ಜಾಗಕ್ಕೆಲ್ಲ ರಬ್ಬರ್ ಮ್ಯಾಟ್ ಹಾಕಿ. ಬರೀ ಜಮಖಾನೆ ಹಾಸಿದರೆ ಅದೂ ಜಾರುತ್ತದೆ. ಮಲಗಲು ಹಳೆಯ ಕೌದಿಗಳನ್ನು ನಾಲ್ಕೈದು ಮಡಿಕೆ ಮಾಡಿ ದಪ್ಪವಾಗಿ ಹಾಸಿಕೊಡಿ, ಏಕೆಂದರೆ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲೂ ಚಳಿಗಾಲದ ಬೆಳಗುಗಳಲ್ಲೂ ಕೀಲುಗಳು ಬಿಗಿಯುತ್ತವೆ. ದಿನಕ್ಕೆ ಎರಡು-ಮೂರು ಬಾರಿ, ಹತ್ತು-ಹದಿನೈದು ನಿಮಿಷ, ಮಣ್ಣಿನ ಹಾದಿಯಲ್ಲಿ ಹಗ್ಗ ಹಿಡಿದು ನಿಧಾನವಾಗಿ ನಡೆಸಿ. ಚೆಂಡು ಎಸೆದು ಓಡಿಸುವುದು, ಸೋಫಾದ ಮೇಲಿಂದ ಜಿಗಿಯಲು ಬಿಡುವುದು ಬೇಡ.

ಇನ್ನು ಮೆಟ್ಟಿಲು. ಮೂತ್ರಕ್ಕೆಂದು ದಿನಕ್ಕೆ ನಾಲ್ಕೈದು ಬಾರಿ ಇಳಿದು ಹತ್ತಬೇಕಾದ ನಾಯಿಯ ಹೊಟ್ಟೆಯ ಕೆಳಗೆ ದಪ್ಪ ಟವೆಲ್ ಹಾಕಿ, ಹಿಂಭಾಗದ ಭಾರವನ್ನು ಒಬ್ಬರು ಹೊರಬೇಕಾಗುತ್ತದೆ. ಆ ಕೆಲಸ ಅತ್ತೆಯವರ ಪಾಲಿಗೆ ಎಂದೂ ಬರಬಾರದು. ನಾಯಿ ಒಮ್ಮೆ ಎಳೆದರೆ ಬೀಳುವವರು ಅವರು. ಮೂರು ತಿಂಗಳು ಇದನ್ನು ನಿಭಾಯಿಸಬಹುದು. ಆದರೆ ಲ್ಯಾಬ್ರಡಾರ್ ಹನ್ನೆರಡು ವರ್ಷದವರೆಗೆ ಬದುಕಬಹುದಾದ್ದರಿಂದ, ಮುಂದಿನ ಏಳೆಂಟು ವರ್ಷ, ಅದರ ಕಾಲು ಇನ್ನಷ್ಟು ಸೋಲುವಾಗಲೂ, ಇದು ಸಾಧ್ಯವೇ? ನೆಲಮಹಡಿಯ ಮನೆಗೆ ಹೋಗುವ ಯೋಚನೆಯಿದ್ದರೆ ದತ್ತು ತೆಗೆದುಕೊಳ್ಳಿ; ಇಲ್ಲದಿದ್ದರೆ ಅಂಗಳವಿರುವ ಮನೆಯೊಂದು ಸಿಗುವವರೆಗೆ ಆಸರೆ ನೀಡಿ. ಅದು ಕಡಿಮೆ ಸೇವೆಯೇನಲ್ಲ.

ತರುವ ಮೊದಲು ಮನೆ ಮಾಲೀಕರ ಒಪ್ಪಿಗೆ ಪಡೆಯಿರಿ. ಔಷಧಿಯ ಖರ್ಚು ಯಾರದು, ಅವಧಿ ಮುಗಿದ ಮೇಲೆ ನಾಯಿ ಯಾರ ಹೊಣೆ ಎಂಬುದನ್ನು ಆ ಯುವಕರಿಂದ ಬರೆಸಿಕೊಳ್ಳಿ. ಎಕ್ಸ್-ರೇ ಮತ್ತು ರೇಬೀಸ್ ಲಸಿಕೆಯ ದಾಖಲೆಗಳನ್ನೂ ಕೇಳಿ ಪಡೆಯಿರಿ. ನೋವಿದ್ದರೂ ನಾಯಿ ಅಳುವುದು ಅಪರೂಪ. ಏಳಲು ತಡಮಾಡುವುದು, ಮೊಲದಂತೆ ಎರಡೂ ಹಿಂಗಾಲು ಕೂಡಿಸಿ ಕುಪ್ಪಳಿಸುವುದು, ಸೊಂಟ ಮುಟ್ಟಿದರೆ ಗುರುಗುಟ್ಟುವುದು ಕಂಡುಬಂದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನಾವು ಸಾಕಿಕೊಂಡ ಬೀದಿನಾಯಿ ಕೆಲವು ದಿನಗಳಿಂದ ಬೆಳಿಗ್ಗೆ ಕುಂಟುತ್ತದೆ. ಮನೆಯಲ್ಲಿರುವ ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಅರ್ಧ ಕೊಡಬಹುದೇ?
— ಓದುಗರೊಬ್ಬರು, ಗದಗ

ಉತ್ತರ: ದಯವಿಟ್ಟು ಕೊಡಬೇಡಿ. ಡೈಕ್ಲೋಫೆನಾಕ್ ಮತ್ತು ಐಬುಪ್ರೊಫೆನ್ ನಾಯಿಗಳ ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ನಾಯಿಗಳಿಗೆ ಕಾರ್ಪ್ರೊಫೆನ್, ಮೆಲಾಕ್ಸಿಕಾಮ್‌ಗಳಂಥ ಔಷಧಿಗಳಿವೆ. ಅವುಗಳನ್ನೂ ತೂಕ ನೋಡಿ ವೈದ್ಯರೇ ಬರೆಯಬೇಕು, ದೀರ್ಘಕಾಲ ಕೊಡುವುದಾದರೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಕುಂಟುವುದೆಲ್ಲ ಕೀಲಿನ ಸವೆತವೂ ಅಲ್ಲ. ಉಣ್ಣೆಗಳಿಂದ ಹರಡುವ ಜ್ವರದಲ್ಲೂ ಕೀಲುಗಳು ಬಾತು ನೋಯುತ್ತವೆ, ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಅಲ್ಲಿಗೆ ಕರೆದೊಯ್ದು ತೋರಿಸಿ. ಈಗಾಗಲೇ ಮಾತ್ರೆ ಕೊಟ್ಟಿದ್ದರೆ ಮರೆಮಾಚದೆ ಹೇಳಿ; ವಾಂತಿಯಾಗುತ್ತಿದ್ದರೆ ಅಥವಾ ಮಲ ಕಪ್ಪಾಗಿದ್ದರೆ ಅದೇ ದಿನ ಒಯ್ಯಿರಿ.